ಬೇಚರಾಕ್ ದ್ವೀಪಗಳು: ಜನ ಇಲ್ಲದ ನೆಲ ಯಾರದು?

2025ರ ಏಪ್ರಿಲ್ 2ರಂದು ಅಮೆರಿಕ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಪ್ರಕಟಿಸಿದ ಸುಂಕದ ಪಟ್ಟಿಯಲ್ಲಿ ಭಾರತ, ಚೀನಾ ಜೊತೆಗೆ ಇನ್ನೊಂದು ಹೆಸರೂ ಇತ್ತು: ಹರ್ಡ್ ಮತ್ತು ಮ್ಯಾಕ್‌ಡೊನಾಲ್ಡ್ ದ್ವೀಪಗಳು. ಸುಂಕ ಶೇ 10. ಆಸ್ಟ್ರೇಲಿಯಾಕ್ಕೆ ಸೇರಿದ ಈ ದ್ವೀಪಗಳಲ್ಲಿ ಪೆಂಗ್ವಿನ್ ಇವೆ, ಸೀಲ್ ಇವೆ, ಹಿಮನದಿ ಇದೆ, ಜೀವಂತ ಜ್ವಾಲಾಮುಖಿಯೂ ಇದೆ. ಮನುಷ್ಯರು ಮಾತ್ರ ಇಲ್ಲ. ಪೆಂಗ್ವಿನ್‌ಗಳಿಗೆ ತೆರಿಗೆ ಹಾಕಿದ ಮೀಮ್‌ಗಳು ಜಗತ್ತೆಲ್ಲ ಸುತ್ತಿ ನಮ್ಮ ಹಂಪಸಾಗರದ ವಾಟ್ಸಾಪ್ ಗ್ರೂಪಿಗೂ ಬಂದವು. ಒಬ್ಬ ಹುಡುಗ ಕೇಳಿದ, "ಮಂದೀನೇ ಇಲ್ಲದ ಊರಿನ ಹೆಸರು ಪಟ್ಟಿಯೊಳಗ ಯಾಕ ಬಂತು?" ಹಿರಿಯರೊಬ್ಬರು ಒಂದೇ ಸಾಲಿನಲ್ಲಿ ಉತ್ತರ ಕೊಟ್ಟರು: "ನಮ್ಮ ಕಡೆ ಬೇಚರಾಕ್ ಊರು ಇಲ್ಲೇನಪಾ? ಹಂಗ ಅದು."

ಕಂದಾಯ ಕಡತ ತಿರುವಿದವರಿಗೆ ಈ ಪದ ಗೊತ್ತಿರುತ್ತೆ. ಪಾರ್ಸಿಯಲ್ಲಿ 'ಬೇ' ಅಂದ್ರೆ ಇಲ್ಲದ, 'ಚಿರಾಗ್' ಅಂದ್ರೆ ದೀಪ. ದೀಪ ಹಚ್ಚುವವರಿಲ್ಲದ ಊರು ಬೇಚರಾಕ್. ಅದಕ್ಕೆ ಹೆಸರಿರುತ್ತೆ, ಗಡಿ ಇರುತ್ತೆ, ಸರ್ವೆ ನಂಬರ್ ಇರುತ್ತೆ, ಪಹಣಿಯೂ ಬರುತ್ತೆ. ಮನೆ ಮಾತ್ರ ಇರಲ್ಲ. ಹಾಗಂತ ಹೊಲ ಪಾಳು ಬಿದ್ದಿರುತ್ತಾ? ಇಲ್ಲ. ಪಕ್ಕದೂರಿನವರು ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ, ದುಡಿದು, ಹೊತ್ತು ಮುಳುಗೋದ್ರೊಳಗೆ ವಾಪಸ್ ಬರ್ತಾರೆ. ಹಳೆ ಊರಿನ ಹನುಮಪ್ಪನ ಗುಡಿ ಉಳಿದಿದ್ದರೆ ಶನಿವಾರ ಎಣ್ಣೆ ಬತ್ತಿಯೂ ನಡೆಯುತ್ತೆ.

ದ್ವೀಪಗಳ ವಿಷಯದಲ್ಲೂ ಇಷ್ಟೇ. 'ನಿರ್ಜನ' ಅನ್ನೋ ಪದ ಹೇಳೋದು ರಾತ್ರಿ ಅಲ್ಲಿ ಮಲಗುವವರಿಲ್ಲ ಅಂತ ಮಾತ್ರ. ಹಗಲಲ್ಲಿ ಬಂದುಹೋಗುವವರ ಬಗ್ಗೆ ಅದು ಏನೂ ಹೇಳಲ್ಲ. ಆದರೆ ಕಾಗದದ ಮೇಲೆ ಒಮ್ಮೆ 'ನಿರ್ಜನ' ಅಂತ ಬಿತ್ತು ಅಂದ್ರೆ, ಆ ಹಗಲಿನ ಜನರನ್ನು ಯಾರೂ ಕೇಳಬೇಕಾಗಿಲ್ಲ ಅನ್ನೋ ಹಾಗೆ ಆಗಿಬಿಡುತ್ತೆ. ದಕ್ಷಿಣ ಧ್ರುವದ ಹತ್ತಿರದ ಬೂವೆಯಿಂದ ಕಾರವಾರದ ಅಂಜದೀವದವರೆಗೆ ಕೆಲವು ದ್ವೀಪಗಳನ್ನು ಪಕ್ಕಪಕ್ಕ ಇಟ್ಟು, ಭೂಗೋಳ ಏನು, ಒಡೆತನ ಯಾರದು, ಆ ಒಡೆತನದಿಂದ ಯಾರಿಗೆ ಏನು ಸಿಕ್ಕಿತು ಅಂತ ನೋಡೋಣ.

ಕಾನೂನಿನ ಪ್ರಕಾರ ದ್ವೀಪ ಅಂದ್ರೆ ಏನು?

ನಮ್ಮ ಭಾಷೆಯಲ್ಲೇ ಇದಕ್ಕೆ ಹತ್ತು ಹೆಸರು. ಉಡುಪಿ, ಮಂಗಳೂರು ಕಡೆ ನದಿ ನಡುವಿನದು ಕುದ್ರು. ಹೊನ್ನಾವರದ ಕಡೆ ಕುರ್ವೆ. ರಾಯಚೂರಿನ ಕೃಷ್ಣೆಯಲ್ಲಿ ಗಡ್ಡಿ. ನಮ್ಮ ತುಂಗಭದ್ರಾ ಹಿನ್ನೀರಿನಲ್ಲಿ ಬರೀ ದಿಬ್ಬ. ಅಂತರರಾಷ್ಟ್ರೀಯ ಕಾನೂನಿಗೆ ಇಷ್ಟು ತಾಳ್ಮೆ ಇಲ್ಲ. 1982ರ ವಿಶ್ವಸಂಸ್ಥೆ ಸಮುದ್ರ ಕಾನೂನು ಒಪ್ಪಂದದ 121ನೇ ವಿಧಿಯ ಪ್ರಕಾರ ನೈಸರ್ಗಿಕವಾಗಿ ರೂಪುಗೊಂಡ, ಸುತ್ತ ನೀರಿರುವ, ಭರತದ ಸಮಯದಲ್ಲೂ ನೀರಿನ ಮೇಲಿರುವ ನೆಲವೇ ದ್ವೀಪ. ಈ ಒಪ್ಪಂದ 1994ರಲ್ಲಿ ಜಾರಿಗೆ ಬಂತು. ಭಾರತ 1995ರಲ್ಲಿ ಸೇರಿತು.

ಅದೇ ವಿಧಿಯ ಮೂರನೇ ಭಾಗದಲ್ಲಿ ಅಸಲಿ ವಿಷಯ ಇದೆ. ಮನುಷ್ಯವಾಸಕ್ಕಾಗಲೀ ಸ್ವಂತ ಆರ್ಥಿಕ ಬದುಕಿಗಾಗಲೀ ಆಧಾರ ಕೊಡಲಾರದ್ದು ಬರೀ 'ಬಂಡೆ'. ಬಂಡೆಗೆ ಸುತ್ತ 12 ನಾಟಿಕಲ್ ಮೈಲಿ ಪ್ರಾದೇಶಿಕ ಸಮುದ್ರ ಸಿಗುತ್ತೆ. ಪೂರ್ತಿ ದ್ವೀಪಕ್ಕೆ ಅದರ ಜೊತೆಗೆ 200 ನಾಟಿಕಲ್ ಮೈಲಿವರೆಗಿನ ವಿಶೇಷ ಆರ್ಥಿಕ ವಲಯವೂ ಸಿಗುತ್ತೆ. ಅಂದ್ರೆ ಅಲ್ಲಿನ ಮೀನು, ತಳದ ಎಣ್ಣೆ, ಖನಿಜ ಎಲ್ಲದರ ಹಕ್ಕು.

ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನಿಗೆ ಇಂಥ ಕಡೆ ಕ್ಯಾಲ್ಕುಲೇಟರ್ ತೆಗೆಯದೆ ಇರೋಕಾಗಲ್ಲ. 12 ನಾಟಿಕಲ್ ಮೈಲಿ ಅಂದ್ರೆ 22.2 ಕಿ.ಮೀ. ಆ ತ್ರಿಜ್ಯದ ವೃತ್ತ ಸುಮಾರು 1,550 ಚದರ ಕಿ.ಮೀ. 200 ನಾಟಿಕಲ್ ಮೈಲಿ ಅಂದ್ರೆ 370.4 ಕಿ.ಮೀ. ಅದರ ವೃತ್ತ ಸುಮಾರು 4.31 ಲಕ್ಷ ಚದರ ಕಿ.ಮೀ. ಇಡೀ ಕರ್ನಾಟಕ 1.92 ಲಕ್ಷ ಚದರ ಕಿ.ಮೀ. ಸಮುದ್ರದ ಮಧ್ಯೆ ಒಂಟಿಯಾಗಿ ನಿಂತ ಒಂದು ಚೂರು ನೆಲವನ್ನು 'ದ್ವೀಪ' ಅಂತ ಸಾಧಿಸಿದರೆ ಎರಡು ಕರ್ನಾಟಕಕ್ಕಿಂತ ಹೆಚ್ಚು ಕಡಲು ಸಿಗುತ್ತೆ. 'ಬಂಡೆ' ಅಂತಾದರೆ ಅದರ 277ನೇ ಒಂದು ಭಾಗವೂ ಸಿಗಲ್ಲ. ದೇಶಗಳು ನಿರ್ಜನ ನೆಲಕ್ಕೆ ಜಗಳ ಆಡೋದು ಯಾಕೆ ಅನ್ನೋದಕ್ಕೆ ಈ ಲೆಕ್ಕವೇ ಮುಕ್ಕಾಲು ಉತ್ತರ.

ಬ್ರಿಟನ್‌ನ ರಾಕಾಲ್ ಇದಕ್ಕೆ ಒಳ್ಳೆ ಉದಾಹರಣೆ. ಅಟ್ಲಾಂಟಿಕ್‌ನಲ್ಲಿ ತಲೆ ಎತ್ತಿರೋ ಈ ಕಲ್ಲು ಒಂದು ಎಕರೆಯ ಕಾಲು ಭಾಗವೂ ಇಲ್ಲ. 1955ರಲ್ಲಿ ಬ್ರಿಟಿಷ್ ನೌಕಾಪಡೆಯವರು ಅದರ ಮೇಲೆ ಇಳಿದು ಬಾವುಟ ಹಾರಿಸಿದರು. 1972ರಲ್ಲಿ ಅದಕ್ಕಾಗಿಯೇ ಒಂದು ಕಾಯ್ದೆ ಬಂತು. ಕೊನೆಗೆ 1997ರಲ್ಲಿ ಸಮುದ್ರ ಒಪ್ಪಂದ ಸೇರುವಾಗ, ರಾಕಾಲ್ ಆಧಾರದ ಮೇಲೆ 200 ಮೈಲಿ ಕೇಳುವುದನ್ನು ಬ್ರಿಟನ್ ಬಿಟ್ಟುಕೊಟ್ಟಿತು. ಕಲ್ಲು ಕಲ್ಲಾಗಿಯೇ ಉಳಿಯಿತು.

ದೂರದ ಮೂರು: ಬೂವೆ, ಹರ್ಡ್, ಕ್ಲಿಪ್ಪರ್ಟನ್

ಭೂಮಿಯ ಮೇಲಿನ ಅತ್ಯಂತ ಒಂಟಿ ದ್ವೀಪ ಅಂತ ಸಾಮಾನ್ಯವಾಗಿ ಹೇಳೋದು ಬೂವೆಯನ್ನು. ದಕ್ಷಿಣ ಅಟ್ಲಾಂಟಿಕ್‌ನ 54 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿದೆ. ವಿಸ್ತೀರ್ಣ 49 ಚದರ ಕಿ.ಮೀ., ಅದರಲ್ಲಿ ಶೇ 90ಕ್ಕೂ ಹೆಚ್ಚು ಭಾಗ ಹಿಮ. ಜನ ಇರುವ ಹತ್ತಿರದ ಊರು ಅಂದ್ರೆ ಟ್ರಿಸ್ಟನ್ ಡ ಕುನ್ಹ, 2,000 ಕಿ.ಮೀ.ಗೂ ಆಚೆ. 1739ರ ಜನವರಿ 1ರಂದು ಫ್ರೆಂಚ್ ನಾವಿಕ ಬೂವೆ ಇದನ್ನು ದೂರದಿಂದ ಕಂಡ. 1927ರ ಡಿಸೆಂಬರ್‌ನಲ್ಲಿ ನಾರ್ವೆಯ ತಂಡ ಇಳಿದು ಬಾವುಟ ನೆಟ್ಟಿತು. ಬ್ರಿಟನ್ ತನ್ನ ಹಕ್ಕು ಬಿಟ್ಟಿತು. 1930ರಲ್ಲಿ ಅದು ನಾರ್ವೆಯ ಅಧೀನ ಪ್ರದೇಶ ಆಯ್ತು. ಅಂದ್ರೆ ನಾರ್ವೆಯದ್ದೇ, ಆದರೆ ನಾರ್ವೆ ರಾಜ್ಯದ ಭಾಗ ಅಲ್ಲ. ಅಂಟಾರ್ಕ್ಟಿಕ್ ಒಪ್ಪಂದ ಶುರುವಾಗೋದು 60 ಡಿಗ್ರಿಯಿಂದ ಕೆಳಗೆ, ಹಾಗಾಗಿ ಬೂವೆ ಅದರೊಳಗೂ ಬರಲ್ಲ. 1971ರಿಂದ ಇಡೀ ದ್ವೀಪ ಪ್ರಕೃತಿ ಮೀಸಲು.

ಹರ್ಡ್ ದ್ವೀಪ ಪರ್ತ್ ನಗರದಿಂದ ನೈಋತ್ಯಕ್ಕೆ ಸುಮಾರು 4,000 ಕಿ.ಮೀ. ದೂರ. ವಿಸ್ತೀರ್ಣ 368 ಚದರ ಕಿ.ಮೀ. ನಮ್ಮ ಕಡೆಯವರಿಗೆ ಅಂದಾಜು ಸಿಗಲಿ ಅಂತ ಹೇಳ್ತೀನಿ: ತುಂಗಭದ್ರಾ ಜಲಾಶಯ ಭರ್ತಿಯಾದಾಗ ನೀರು ಹರಡಿಕೊಳ್ಳೋದು ಸುಮಾರು 378 ಚದರ ಕಿ.ಮೀ. ಹೆಚ್ಚುಕಮ್ಮಿ ನಮ್ಮ ಡ್ಯಾಮಿನಷ್ಟು ನೆಲ, ಅದರ ನಡುವೆ 2,745 ಮೀಟರ್ ಎತ್ತರದ ಜ್ವಾಲಾಮುಖಿ ಶಿಖರ. 1947ರ ಡಿಸೆಂಬರ್‌ನಲ್ಲಿ ಬ್ರಿಟನ್ ಇದನ್ನು ಆಸ್ಟ್ರೇಲಿಯಾಕ್ಕೆ ಬಿಟ್ಟುಕೊಟ್ಟಿತು. 1997ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಸುತ್ತಲ ಕಡಲಲ್ಲಿ ಬೆಲೆಬಾಳುವ ಟೂತ್‌ಫಿಶ್ ಮೀನುಗಾರಿಕೆ ಆಸ್ಟ್ರೇಲಿಯಾದ ಪರವಾನಗಿ ಮೇಲೆ ನಡೆಯುತ್ತೆ. ಅಂತರರಾಷ್ಟ್ರೀಯ ಸಂಕೇತಗಳ ಪಟ್ಟಿಯಲ್ಲಿ ಇದಕ್ಕೆ ದೇಶಗಳ ಹಾಗೆ ಪ್ರತ್ಯೇಕ ಸಂಕೇತ ಉಂಟು, ಇಂಟರ್ನೆಟ್ ವಿಳಾಸಕ್ಕೂ 'ಡಾಟ್ ಎಚ್‌ಎಂ' ಅಂತ ಪ್ರತ್ಯೇಕ ಬಾಲ ಉಂಟು. ವಾಟ್ಸಾಪ್‌ನ ಹಿರಿಯರು ಹೇಳಿದ್ದು ಸರಿ. ಬೇಚರಾಕ್ ಊರಿಗೆ ಸರ್ವೆ ನಂಬರ್ ಇರುವ ಹಾಗೆಯೇ ಇದು.

ಮೂರನೆಯದು ಕ್ಲಿಪ್ಪರ್ಟನ್. ಮೆಕ್ಸಿಕೊ ತೀರದಿಂದ ಸಾವಿರ ಕಿ.ಮೀ.ಗೂ ಹೆಚ್ಚು ದೂರದ ಹವಳದ ಉಂಗುರ. ಒಣನೆಲ ಎರಡು ಚದರ ಕಿ.ಮೀ. ಆಸುಪಾಸು. 1858ರಲ್ಲಿ ಫ್ರಾನ್ಸ್ ಹಕ್ಕು ಸಾರಿತು. ಆಮೇಲೆ ಮೆಕ್ಸಿಕೊ ಅಲ್ಲಿ ಸೈನಿಕರನ್ನು ಕುಟುಂಬ ಸಮೇತ ಇಟ್ಟಿತು. ಮೆಕ್ಸಿಕೊದಲ್ಲಿ ಕ್ರಾಂತಿ ಶುರುವಾಯ್ತು, ದಿನಸಿ ತರುವ ಹಡಗು ನಿಂತುಹೋಯ್ತು. ಹಸಿವು, ರೋಗಕ್ಕೆ ಒಬ್ಬೊಬ್ಬರೇ ಸತ್ತರು. 1917ರಲ್ಲಿ ಅಮೆರಿಕದ ಯುದ್ಧನೌಕೆಯೊಂದು ಆ ಕಡೆ ಹೋದಾಗ ಉಳಿದಿದ್ದವರು ನಾಲ್ಕು ಹೆಂಗಸರು, ಏಳು ಮಕ್ಕಳು. ಹಕ್ಕಿನ ವ್ಯಾಜ್ಯ ಇಟಲಿಯ ರಾಜನ ಮಧ್ಯಸ್ಥಿಕೆಗೆ ಹೋಗಿ, 1931ರ ಜನವರಿ 28ರಂದು ತೀರ್ಪು ಫ್ರಾನ್ಸ್ ಕಡೆ ಆಯ್ತು. ಫ್ರೆಂಚರು ಅಲ್ಲಿ ವಾಸ ಮಾಡಿರಲಿಲ್ಲ. ಆದರೆ ಪೂರ್ತಿ ನಿರ್ಜನವಾಗಿದ್ದ ನೆಲಕ್ಕೆ ಮೊದಲ ಘೋಷಣೆಯೇ ಸ್ವಾಧೀನಕ್ಕೆ ಸಾಕು ಅಂತ ಮಧ್ಯಸ್ಥರು ಹೇಳಿದರು. ಮೆಕ್ಸಿಕೊದವರು ಅಲ್ಲಿ ಬದುಕಿದ್ದೂ ಸತ್ತಿದ್ದೂ ತಕ್ಕಡಿಯಲ್ಲಿ ತೂಗಲಿಲ್ಲ. ಕಾಗದದ ಬಲ ಅಂದ್ರೆ ಇದು. ಇವತ್ತು ಆ ಉಂಗುರದ ಸುತ್ತ ನಾಲ್ಕು ಲಕ್ಷ ಚದರ ಕಿ.ಮೀ.ಗೂ ಹೆಚ್ಚು ಕಡಲನ್ನು ಫ್ರಾನ್ಸ್ ತನ್ನ ಆರ್ಥಿಕ ವಲಯ ಅನ್ನುತ್ತೆ.

ಈ ಮೂರರಲ್ಲೂ ಒಂದು ಸಾಮ್ಯ ಇದೆ. ಅಕ್ಕಪಕ್ಕ ಊರೇ ಇಲ್ಲ. ಹಾಗಾಗಿ 'ನಿರ್ಜನ' ಅನ್ನೋದು ಇಲ್ಲಿ ಈಗ ಬಹುಮಟ್ಟಿಗೆ ನಿಜ. ತೊಂದರೆ ಶುರುವಾಗೋದು ದಡದಿಂದ ಕಣ್ಣಿಗೆ ಕಾಣೋ ದ್ವೀಪಗಳಲ್ಲಿ.

ಕಾರವಾರದ ಎದುರು ಗೋವಾ

ಕರ್ನಾಟಕದ ಕಡಲಿನ ನಕ್ಷೆ ಈಗಿನ ರೂಪಕ್ಕೆ ಬಂದಿದ್ದು 1956ರ ನವೆಂಬರ್ 1ರಂದು. ಅವತ್ತು ಮುಂಬಯಿ ಪ್ರಾಂತ್ಯದಿಂದ ಕಾರವಾರ ನಮಗೆ ಬಂತು. ಅದೇ ದಿನ, ಅಲ್ಲಿವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಅಮೀನದೀವಿ ದ್ವೀಪಗಳು ಹೋಗಿ, ಮಲಬಾರಿನ ಲಕ್ಕದೀವ್, ಮಿನಿಕಾಯ್ ಜೊತೆ ಸೇರಿ ಕೇಂದ್ರಾಡಳಿತ ಪ್ರದೇಶವಾದವು. ಅದೇ ಇವತ್ತಿನ ಲಕ್ಷದ್ವೀಪ. ಒಂದು ಕಾಲಕ್ಕೆ ಮಂಗಳೂರಿನ ಕಲೆಕ್ಟರ್ ಕಚೇರಿಯಿಂದ ಅರಬ್ಬಿ ಸಮುದ್ರದ ಹವಳದ್ವೀಪಗಳ ಆಡಳಿತ ನಡೀತಿತ್ತು ಅನ್ನೋದು ಈಗ ಅಲ್ಲಿನವರಿಗೂ ಮರೆತುಹೋಗಿದೆ.

ಕಾರವಾರ ಬಂತು, ಅದರ ಎದುರಿನ ಅಂಜದೀವ ಬರಲಿಲ್ಲ. ಯಾಕಂದ್ರೆ 1956ರಲ್ಲಿ ಅದು ಪೋರ್ಚುಗೀಸರ ಕೈಯಲ್ಲಿತ್ತು. ಸುಮಾರು ಒಂದೂವರೆ ಚದರ ಕಿ.ಮೀ. ದ್ವೀಪ. ಸಿಹಿನೀರಿನ ಒರತೆ ಇದ್ದಿದ್ದರಿಂದ ಹಡಗುಗಳಿಗೆ ಬೇಕಾಗಿತ್ತು. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡ ಅಲ್ಲಿ ಕೋಟೆ ಕಟ್ಟಿಸಿದ. ಬಾಂಬೆಯನ್ನು ವರದಕ್ಷಿಣೆಯಾಗಿ ಪಡೆದ ಇಂಗ್ಲಿಷರು ಅದನ್ನು ವಶಕ್ಕೆ ತಗೊಳ್ಳೋಕೆ 1662ರಲ್ಲಿ ಸೈನ್ಯ ಕಳಿಸಿದಾಗ, ಪೋರ್ಚುಗೀಸರು ಕೊಡದೆ ಸತಾಯಿಸಿದರು. ಆ ಸೈನ್ಯ ಅಂಜದೀವದಲ್ಲಿ ಬಿಡಾರ ಹೂಡಿ ಕಾಯ್ತಾ ಕೂತಿತು. 1665ರಲ್ಲಿ ಬಾಂಬೆ ಕೈಗೆ ಬರೋ ಹೊತ್ತಿಗೆ ನಾಯಕ ಸರ್ ಅಬ್ರಹಾಂ ಶಿಪ್‌ಮನ್ ಸೇರಿ ಬಹುಪಾಲು ಜನ ರೋಗಕ್ಕೆ ಬಲಿಯಾಗಿದ್ದರು.

1961ರ ನವೆಂಬರ್‌ನಲ್ಲಿ ಅಂಜದೀವದ ಪೋರ್ಚುಗೀಸ್ ಪಡೆ ಭಾರತದ ಪ್ರಯಾಣಿಕರ ಹಡಗು 'ಸಾಬರಮತಿ' ಮೇಲೆ ಗುಂಡು ಹಾರಿಸಿತು. ಡಿಸೆಂಬರ್ 18ರಂದು ಐಎನ್‌ಎಸ್ ತ್ರಿಶೂಲ್, ಐಎನ್‌ಎಸ್ ಮೈಸೂರು ನೌಕೆಗಳು ದ್ವೀಪಕ್ಕೆ ಬಂದವು. ಆ ಕಾರ್ಯಾಚರಣೆಯಲ್ಲಿ ನಮ್ಮ ಏಳು ನಾವಿಕರು ಪ್ರಾಣ ಕೊಟ್ಟರು. ಗೋವಾ ಭಾರತಕ್ಕೆ ಸೇರಿತು, ಅದರ ಜೊತೆ ಅಂಜದೀವವೂ. ಅದಕ್ಕೇ ಇವತ್ತಿಗೂ ಕಾರವಾರದ ಕಣ್ಣೆದುರಿಗಿರೋ ಈ ನೆಲ ಗೋವಾದ ಕಾಣಕೋಣ ತಾಲ್ಲೂಕಿಗೆ ಸೇರಿದ್ದು.

ಆಮೇಲೆ ಸೀಬರ್ಡ್ ಬಂತು. 1986ರಲ್ಲಿ ಶಂಕುಸ್ಥಾಪನೆ, 2005ರ ಮೇ 31ರಂದು ಐಎನ್‌ಎಸ್ ಕದಂಬ ನೌಕಾನೆಲೆ ಶುರು. ಅಲೆತಡೆ ಗೋಡೆ ಕಟ್ಟಿ ಅಂಜದೀವವನ್ನು ಕರ್ನಾಟಕದ ದಡಕ್ಕೆ ಜೋಡಿಸಲಾಯ್ತು. ಹೀಗೆ ಭೂಗೋಳದಲ್ಲಿ ಕರ್ನಾಟಕಕ್ಕೆ ಅಂಟಿಕೊಂಡು, ಕಂದಾಯದಲ್ಲಿ ಗೋವಾದ್ದಾಗಿ, ಕೈಯಲ್ಲಿ ನೌಕಾಪಡೆಯದ್ದಾಗಿರುವ ದ್ವೀಪ ಇದು. ಅಲ್ಲಿನ ಬ್ರೋತಸ್ ಮಾತೆಯ ಹಳೆ ಚರ್ಚಿನ ಹಬ್ಬಕ್ಕೆ ದೋಣಿಯಲ್ಲಿ ಹೋಗ್ತಿದ್ದ ಭಕ್ತರಿಗೆ ಈಗ ಮೊದಲಿನ ಹಾಗೆ ಹೋಗೋಕಾಗಲ್ಲ. ಪ್ರವೇಶ ಕೊಡಿ ಅನ್ನೋ ಬೇಡಿಕೆ ಗೋವಾದಲ್ಲಿ ಆಗಾಗ ಏಳುತ್ತೆ. ದೇಶದ ರಕ್ಷಣೆಗೆ ನೆಲೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 'ಅಲ್ಲಿ ಯಾರೂ ವಾಸ ಇಲ್ಲ' ಅನ್ನೋದು ಹಬ್ಬಕ್ಕೆ ಬರುವವರ ಪ್ರಶ್ನೆಗೆ ಉತ್ತರ ಅಲ್ಲ.

ಪಕ್ಕದಲ್ಲೇ ಇನ್ನೆರಡು ಇವೆ. ದೇವಗಡ ದ್ವೀಪದಲ್ಲಿ ಬ್ರಿಟಿಷರ ಕಾಲದ ದೀಪಸ್ತಂಭ ಇದೆ. ಊರಿಲ್ಲ, ದೀಪ ಮಾತ್ರ ಇದೆ. ಬೇಚರಾಕ್ ಪದವನ್ನೇ ತಲೆಕೆಳಗು ಮಾಡಿದ ಹಾಗೆ. ಕೂರ್ಮಗಡದಲ್ಲಿ ಪುಷ್ಯ ಮಾಸದ ಹುಣ್ಣಿಮೆಗೆ ನರಸಿಂಹ ದೇವರ ಜಾತ್ರೆ. ಅವತ್ತೊಂದು ದಿನ ಸಾವಿರಾರು ಜನ ದೋಣಿ ಹತ್ತುತ್ತಾರೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಬರ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ವರ್ಷದ 364 ದಿನ ಖಾಲಿ ಇರೋ ಜಾಗಕ್ಕೆ ಜೆಟ್ಟಿ, ಲೈಫ್ ಜಾಕೆಟ್, ದೋಣಿಯ ಮಿತಿ ಇವೆಲ್ಲ ಯಾಕೆ ಅಂತ ಕೇಳುವವರಿಗೆ ಉಳಿದ ಆ ಒಂದು ದಿನವೇ ಉತ್ತರ.

ನೇತ್ರಾಣಿ ಮತ್ತು ಮಲ್ಪೆ ದ್ವೀಪಗಳು

ಮುರ್ಡೇಶ್ವರದಿಂದ ಸುಮಾರು 10 ನಾಟಿಕಲ್ ಮೈಲಿ, ಅಂದ್ರೆ 19 ಕಿ.ಮೀ. ದೂರದಲ್ಲಿ ನೇತ್ರಾಣಿ ಇದೆ. ಬ್ರಿಟಿಷರ ನಕ್ಷೆಯಲ್ಲಿ ಪಿಜನ್ ಐಲ್ಯಾಂಡ್, ಪಾರಿವಾಳದ ದ್ವೀಪ. ಮೇಲಿಂದ ನೋಡಿದರೆ ಹೃದಯದ ಆಕಾರ. ಕಡಿದಾದ ಬಂಡೆ, ಮೇಲೆ ಕಾಡು, ಕೆಳಗೆ ಹವಳ. ಬಿಳಿಹೊಟ್ಟೆಯ ಕಡಲ ಹದ್ದು ಇಲ್ಲಿ ಗೂಡು ಕಟ್ಟುತ್ತೆ. ತೀರದಿಂದ 12 ಮೈಲಿಯ ಒಳಗೇ ಇರೋದ್ರಿಂದ ಇದು ಭಾರತದ ಪ್ರಾದೇಶಿಕ ಸಮುದ್ರದಲ್ಲೇ ಇದೆ, ಯಾವ ದೇಶದ ಜೊತೆಗೂ ತಕರಾರಿಲ್ಲ.

ತಕರಾರು ಇರೋದು ಬಳಕೆಯಲ್ಲಿ. ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದೆ, ಶೆಲ್‌ಗಳ ಅವಶೇಷ ಅಲ್ಲಿ ಬಿದ್ದಿವೆ. ಜೀವವೈವಿಧ್ಯ ತಜ್ಞರು ಇದನ್ನು ವಿರೋಧಿಸುತ್ತಾ ಬಂದಿದ್ದಾರೆ. ಇನ್ನೊಂದು ಕಡೆ ಸ್ಕೂಬಾ ಡೈವಿಂಗ್ ವ್ಯವಹಾರ ಜೋರಾಗಿದೆ. ಇವೆರಡಕ್ಕೂ ಮೊದಲಿಂದ ಅಲ್ಲಿಗೆ ಹೋಗ್ತಾ ಇರೋರು ಭಟ್ಕಳ, ಮುರ್ಡೇಶ್ವರದ ಮೀನುಗಾರರು. ಅವರಿಗೆ ನೇತ್ರಾಣಿ ಅಂದ್ರೆ ಮೀನು ಸಿಗೋ ಜಾಗ, ಗಾಳಿ ಎದ್ದಾಗ ಮರೆ, ಕೈಮುಗಿಯೋ ದೇವರು. ಒಂದೇ ಬಂಡೆ: ಒಬ್ಬರಿಗೆ ಗುರಿಹಲಗೆ, ಒಬ್ಬರಿಗೆ ಪ್ರವಾಸ, ಒಬ್ಬರಿಗೆ ಅನ್ನ.

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಕತೆ ಬೇರೆ. ಸ್ಥಳೀಯರ ಬಾಯಲ್ಲಿ ತೋನ್ಸೆಪಾರ್. ಲಾವಾ ತಣ್ಣಗಾಗುವಾಗ ಬಿರಿದು ಕಂಬಗಳಾಗಿ ನಿಂತ ಶಿಲೆಗಳು ಇಲ್ಲಿವೆ, ಹೆಚ್ಚಿನವು ಷಟ್ಕೋನ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟಾಗಿನ ಗುರುತು ಅಂತ ಭೂವಿಜ್ಞಾನಿಗಳು ಹೇಳ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಮಳೆಗಾಲದಲ್ಲಿ ದೋಣಿ ಬಂದ್, ಉಳಿದ ಕಾಲ ಪ್ರವಾಸಿಗರ ಸಾಲು. ನಿರ್ಜನ ದ್ವೀಪ, ಆದರೆ ಭಾನುವಾರ ಕಾಲಿಡೋಕೆ ಜಾಗ ಇರಲ್ಲ.

ಪಕ್ಕಪಕ್ಕ ಇಟ್ಟರೆ

- ಬೂವೆ: 49 ಚ.ಕಿ.ಮೀ. ನಾರ್ವೆಯ ಅಧೀನ ಪ್ರದೇಶ. ಉಪಯೋಗ: ಪ್ರಕೃತಿ ಮೀಸಲು, ಸಂಶೋಧನೆ. ನೆರೆಯವರು: ಇಲ್ಲ.
- ಹರ್ಡ್: 368 ಚ.ಕಿ.ಮೀ. ಆಸ್ಟ್ರೇಲಿಯಾದ ಹೊರ ಪ್ರದೇಶ. ಉಪಯೋಗ: ವಿಶ್ವ ಪರಂಪರೆ, ಸುತ್ತಲ ಮೀನುಗಾರಿಕೆ. ನೆರೆಯವರು: ಇಲ್ಲ.
- ಕ್ಲಿಪ್ಪರ್ಟನ್: ಸುಮಾರು 2 ಚ.ಕಿ.ಮೀ. ಫ್ರಾನ್ಸ್. ಉಪಯೋಗ: ಸುತ್ತಲ ಕಡಲಿನ ಹಕ್ಕು. ನೆರೆಯವರು: ಇಲ್ಲ. ಸೋತ ಹಕ್ಕುದಾರ: ಮೆಕ್ಸಿಕೊ.
- ಅಂಜದೀವ: ಸುಮಾರು 1.5 ಚ.ಕಿ.ಮೀ. ಗೋವಾ ರಾಜ್ಯ, ನೌಕಾಪಡೆಯ ವಶ. ನೆರೆಯವರು: ಕಾರವಾರ, ಕಾಣಕೋಣದ ಭಕ್ತರು, ಮೀನುಗಾರರು.
- ನೇತ್ರಾಣಿ: ಭಟ್ಕಳ ತಾಲ್ಲೂಕು. ಉಪಯೋಗ: ಗುರಿ ಅಭ್ಯಾಸ, ಡೈವಿಂಗ್. ನೆರೆಯವರು: ಮೀನುಗಾರರು.
- ಸೇಂಟ್ ಮೇರೀಸ್: ಉಡುಪಿ ಜಿಲ್ಲೆ. ಉಪಯೋಗ: ಭೂವೈಜ್ಞಾನಿಕ ಸ್ಮಾರಕ, ಪ್ರವಾಸ. ನೆರೆಯವರು: ಮಲ್ಪೆಯವರು.

ಮೊದಲ ಮೂರರಲ್ಲಿ ಪ್ರಶ್ನೆ 'ಯಾವ ದೇಶದ್ದು' ಅಂತ. ಕೊನೆ ಮೂರರಲ್ಲಿ ಆ ಪ್ರಶ್ನೆ ಯಾವಾಗಲೋ ಮುಗಿದಿದೆ. ಉಳಿದಿರೋದು 'ಯಾರು ಬಳಸಬಹುದು' ಅನ್ನೋದು. ಅದಕ್ಕೆ ಉತ್ತರ ಬರೆಯೋ ಜಾಗವೇ ಹೆಚ್ಚಿನ ಕಾಗದಗಳಲ್ಲಿ ಇಲ್ಲ.

ಕಚ್ಚತೀವಿನ 'ಹಿಂದಿನಂತೆ'

ಆ ಜಾಗ ಇರುವ ಒಂದು ಕಾಗದ ನಮ್ಮ ನೆರೆಯಲ್ಲೇ ಇದೆ. ರಾಮೇಶ್ವರದ ಆಚೆಯ ಕಚ್ಚತೀವು 285 ಎಕರೆ, ಕುಡಿಯೋ ನೀರಿಲ್ಲ, ಊರಿಲ್ಲ, ಸಂತ ಅಂತೋಣಿಯ ಒಂದು ಚರ್ಚ್ ಇದೆ. 1974ರ ಜೂನ್‌ನಲ್ಲಿ ಇಂದಿರಾ ಗಾಂಧಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಸಹಿ ಮಾಡಿದ ಒಪ್ಪಂದದಲ್ಲಿ ಅದು ಶ್ರೀಲಂಕಾ ಕಡೆಗೆ ಹೋಯ್ತು. ಆದರೆ ಐದನೇ ವಿಧಿಯಲ್ಲಿ ಒಂದು ಮಾತಿತ್ತು: ಭಾರತದ ಮೀನುಗಾರರು, ಯಾತ್ರಿಕರು ಹಿಂದಿನಂತೆಯೇ ಬಂದುಹೋಗಬಹುದು, ವೀಸಾ ಬೇಡ. ಅಂದ್ರೆ ಇಲ್ಲಿ ಯಾರೂ ವಾಸ ಇಲ್ಲದಿದ್ದರೂ ಬಂದುಹೋಗುವವರು ಇದ್ದಾರೆ ಅಂತ ಎರಡು ದೇಶಗಳು ಒಪ್ಪಿ ಬರೆದವು.

ಬರೆದದ್ದು ಸಾಕಾಗಲಿಲ್ಲ. 1976ರ ಪತ್ರ ವ್ಯವಹಾರದಲ್ಲಿ ಒಬ್ಬರ ಕಡಲಲ್ಲಿ ಇನ್ನೊಬ್ಬರು ಮೀನು ಹಿಡಿಯುವಂತಿಲ್ಲ ಅಂತಾಯ್ತು. ಹಬ್ಬಕ್ಕೆ ಹೋಗಬಹುದು, ಬಲೆ ಬೀಸುವಂತಿಲ್ಲ. ತಮಿಳುನಾಡಿನ ಮೀನುಗಾರರ ಬಂಧನದ ಸುದ್ದಿ ಇವತ್ತಿಗೂ ನಿಂತಿಲ್ಲ. 'ಹಿಂದಿನಂತೆ' ಅಂದ್ರೆ ಏನೇನು ಅಂತ ಬಿಡಿಸಿ ಬರೆಯದಿದ್ದರೆ ಆ ಪದ ನಿಲ್ಲಲ್ಲ ಅನ್ನೋದು ಇದರ ಪಾಠ.

ಇನ್ನು ನೆಲವೇ ನಿಲ್ಲದ ಕತೆಯೂ ಇದೆ. 1970ರ ಚಂಡಮಾರುತದ ನಂತರ ಬಂಗಾಳ ಕೊಲ್ಲಿಯಲ್ಲಿ ಎದ್ದ ನ್ಯೂ ಮೂರ್ ದ್ವೀಪಕ್ಕೆ ಭಾರತ, ಬಾಂಗ್ಲಾದೇಶ ಎರಡೂ ಕೈಚಾಚಿದವು. 2010ರ ಹೊತ್ತಿಗೆ ಅದು ಮುಳುಗಿಹೋಗಿತ್ತು. 2014ರ ಜುಲೈ 7ರ ಅಂತರರಾಷ್ಟ್ರೀಯ ತೀರ್ಪು ಕಡಲ ಗಡಿಯನ್ನು ದ್ವೀಪವಿಲ್ಲದೆಯೇ ಎಳೆಯಿತು.

ನಮ್ಮ ದಿಬ್ಬಗಳು

ಎದ್ದು ಮುಳುಗೋ ನೆಲ ಅಂದ್ರೆ ನಮಗೆ ಹೊಸದಲ್ಲ. 1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಹಾಕಿದಾಗ ನದಿಯ ಈಚೆ ದಡ ಮದರಾಸು ಪ್ರಾಂತ್ಯ, ಆಚೆ ದಡ ನಿಜಾಮರ ಹೈದರಾಬಾದ್. 1953ರಲ್ಲಿ ನೀರು ನಿಂತಿತು. ಅದೇ ವರ್ಷ ಅಕ್ಟೋಬರ್ 1ಕ್ಕೆ ನಾವು ಮೈಸೂರಿನವರಾದೆವು. 2021ರಲ್ಲಿ ವಿಜಯನಗರ ಜಿಲ್ಲೆಯವರಾದೆವು. ಸುಮಾರು 90 ಹಳ್ಳಿ, 50 ಸಾವಿರಕ್ಕೂ ಹೆಚ್ಚು ಜನರ ನೆಲೆ ನೀರಿನಡಿ ಹೋಯ್ತು. ದೀಪ ಮಾತ್ರ ಅಲ್ಲ, ಗಡಿಕಲ್ಲೂ ಮುಳುಗಿದ ಬೇಚರಾಕ್ ಊರುಗಳು ಅವು.

ಭರ್ತಿ ಮಟ್ಟ 1,633 ಅಡಿ. ನೀರು ಅಷ್ಟಕ್ಕೆ ಬಂದಾಗ ಹಿನ್ನೀರಿನಲ್ಲಿ ದಿಬ್ಬಗಳ ತಲೆ ಮಾತ್ರ ಕಾಣುತ್ತೆ. ಬೇಸಿಗೆಗೆ ನೀರು ಸರಿದಂತೆ ಅವು ದಡಕ್ಕೆ ಕೂಡಿಕೊಳ್ತವೆ. ಸಮುದ್ರ ಒಪ್ಪಂದದ ಲೆಕ್ಕದಲ್ಲಿ ಇವು ದ್ವೀಪವೇ ಅಲ್ಲ. ಸುತ್ತಲ ನೀರು ನಾವೇ ನಿಲ್ಲಿಸಿದ್ದು, ಮುಳುಗೋದು ಏಳೋದು ಡ್ಯಾಮಿನ ಗೇಟಿನ ಮೇಲೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋಗಿ ನೀರು ಹೊರಬಿಟ್ಟಾಗ ಹಿನ್ನೀರು ಸರಿದಿದ್ದನ್ನು ಇಲ್ಲಿನವರೆಲ್ಲ ನೋಡಿದ್ದಾರೆ.

ನಮ್ಮಜ್ಜ ಅಂಥದ್ದೊಂದು ದಿಬ್ಬದಲ್ಲಿ ಕಡಲೆ ಬಿತ್ತುತ್ತಿದ್ದ. ಮುಳುಗಡೆ ಜಮೀನು ಸರ್ಕಾರದ್ದು, ಅಜ್ಜನಿಗೂ ಅದು ಗೊತ್ತಿತ್ತು. ಅವನ ಹತ್ತಿರ ಒಂದೂ ಕಾಗದ ಇರಲಿಲ್ಲ. "ನೀರು ಕೊಟ್ಟಷ್ಟು ದಿನ ನಮ್ದು" ಅಂತಿದ್ದ. ಕುರಿ ಮೇಯಿಸುವವರು, ಬಲೆ ಹಾಕುವವರು ಇವತ್ತೂ ಹಾಗೇ ಇದ್ದಾರೆ. ನಾಳೆ ಆ ದಿಬ್ಬಗಳಿಗೆ ಪ್ರವಾಸೋದ್ಯಮದ್ದೋ ಇನ್ಯಾವುದೋ ಯೋಜನೆ ಬಂದರೆ ವರದಿಯ ಮೊದಲ ಸಾಲು ಏನಿರುತ್ತೆ ಅಂತ ಊಹಿಸೋದು ಕಷ್ಟ ಅಲ್ಲ: 'ಸದರಿ ಪ್ರದೇಶ ನಿರ್ಜನವಾಗಿದೆ'.

ಬೇರೆ ಥರದ ಕಾಗದವೂ ಸಾಧ್ಯ ಅನ್ನೋದಕ್ಕೆ ಸಾಕ್ಷಿ ನಮ್ಮ ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲೇ ಇದೆ. ಅಂಕಸಮುದ್ರ ಕೆರೆಯ ನೀರಲ್ಲಿ ನಿಂತ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಸಾವಿರಾರು ಸಂಖ್ಯೆಯಲ್ಲಿ ಗೂಡು ಕಟ್ಟುತ್ತವೆ. ಅಲ್ಲೂ ಮನುಷ್ಯವಾಸ ಇಲ್ಲ. 2017ರಲ್ಲಿ ಸುಮಾರು 244 ಎಕರೆ ಪ್ರದೇಶವನ್ನು ಪಕ್ಷಿ ಸಂರಕ್ಷಣಾ ಮೀಸಲು ಅಂತ ಘೋಷಿಸಲಾಯ್ತು. 2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆ, ಮಾಗಡಿ ಕೆರೆ ಜೊತೆ ಅದು ರಾಮ್ಸರ್ ಪಟ್ಟಿಗೂ ಸೇರಿತು. ವನ್ಯಜೀವಿ ಕಾಯ್ದೆಯ 36ಎ ಪ್ರಕಾರ ಇಂಥ ಮೀಸಲು ಘೋಷಿಸೋ ಮೊದಲು ಸ್ಥಳೀಯ ಸಮುದಾಯದ ಜೊತೆ ಸಮಾಲೋಚನೆ ಮಾಡಲೇಬೇಕು. 36ಬಿ ಪ್ರಕಾರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯ್ತಿಯ ಪ್ರತಿನಿಧಿ ಇರಲೇಬೇಕು. ವಾಸ ಮಾಡದವರಿಗೂ ಅಲ್ಲಿ ಮಾತಾಡೋ ಹಕ್ಕು ಇದೆ ಅಂತ ಕಾನೂನೇ ಒಪ್ಪಿದ ಹಾಗೆ.

ನೇತ್ರಾಣಿಗೂ ನಮ್ಮ ದಿಬ್ಬಗಳಿಗೂ ಬೇಕಿರೋದು ಇದೇ. ಯಾವುದೇ ಅಧಿಸೂಚನೆಯಲ್ಲಿ 'ನಿರ್ಜನ' ಅಂತ ಕಂಡಾಗ ನಾಲ್ಕು ಪ್ರಶ್ನೆ ಕೇಳಬೇಕು. ಹಗಲಲ್ಲಿ ಯಾರು ಹೋಗ್ತಾರೆ? ಯಾವ ತಿಂಗಳು? ಏನು ತರ್ತಾರೆ? ಅವರನ್ನು ಯಾರು ಕೇಳಿದರು? ಇದಕ್ಕೆ ದೊಡ್ಡ ಹೋರಾಟವೇ ಬೇಕು ಅಂತಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರೇ ಸೇರಿ ಬರೆಸುವ ಜೀವವೈವಿಧ್ಯ ದಾಖಲಾತಿ ಇರಬೇಕು. ಅದು ಒಡೆತನದ ಕಾಗದ ಅಲ್ಲ, ಪಟ್ಟಾ ಅಂತೂ ಅಲ್ಲವೇ ಅಲ್ಲ. ಆದರೆ ಯಾವ ದಿಬ್ಬದಲ್ಲಿ ಯಾರು ಯಾವಾಗ ಕುರಿ ಬಿಡ್ತಾರೆ, ಎಲ್ಲಿ ಬಲೆ ಹಾಕ್ತಾರೆ, ಯಾವ ಹಕ್ಕಿ ಎಲ್ಲಿ ಮೊಟ್ಟೆ ಇಡುತ್ತೆ ಅಂತ ಒಂದು ಪುಟ ಅದರಲ್ಲಿ ಬರೆಸಿಟ್ಟರೆ, 'ಇಲ್ಲಿ ಯಾರೂ ಬರ್ತಿರಲಿಲ್ಲ' ಅನ್ನೋ ಸಾಲಿಗೆ ಎದುರು ಒಂದು ಸರ್ಕಾರಿ ದಾಖಲೆ ಇರುತ್ತೆ.

ಮುಂದಿನ ಗ್ರಾಮಸಭೆಯಲ್ಲಿ ಆ ಪುಸ್ತಕ ನಿಮ್ಮ ಪಂಚಾಯ್ತಿಯಲ್ಲಿ ಇದೆಯಾ ಅಂತ ಕೇಳಿ. ಇದ್ದರೆ ತೆರೆಸಿ ನೋಡಿ. ಹಿನ್ನೀರಿನ ಪುಟ ಖಾಲಿ ಇದ್ದರೆ, ಬರೆಯೋಕೆ ಈ ಬೇಸಿಗೆ ಒಳ್ಳೆ ಸಮಯ. ನೀರು ಸರಿದಿರುತ್ತೆ, ದಿಬ್ಬಕ್ಕೆ ನಡೆದೇ ಹೋಗಬಹುದು.